ಸಿಬ್ಬಂದಿಯ ಒಳತುಕ್ಕು ಹಾಗೂ ವಯೋವಾರು ಕಡಲೆ ವಿತರಣೆಯ ಬಗ್ಗೆ

ತುಕ್ಕು ನಿವಾರಣಾ ಉಪವಿಭಾಗ
(ಕಬ್ಬಿಣದ ಸೇತುವೆ, ಕಂಬಿ, ಕಟಕಟೆ ಮತ್ತು ಉದ್ಯಾನದ ಬೆಂಚುಗಳು)
ಕಚೇರಿ: ಸೇತುವೆಯ ಬುಡ, ಬಣ್ಣದ ಡಬ್ಬಿಗಳ ಕೋಣೆಯ ಮೇಲಂತಸ್ತು

ಸಂಖ್ಯೆ: ತುನಿಉ/ಒಳತುಕ್ಕು/ಕಡಲೆ/ತಿದ್ದುಪಡಿ-೩

ಸುತ್ತೋಲೆ

ವಿಷಯ: ಸಿಬ್ಬಂದಿಯ ಶರೀರದೊಳಗಿನ ತುಕ್ಕನ್ನು ತಡೆಯುವ ಸಲುವಾಗಿ ವಯಸ್ಸಿಗೆ ತಕ್ಕಂತೆ ಹುರಿದ ಕಡಲೆ ವಿತರಿಸುವ ಬಗ್ಗೆ; ಹಾಗೆ ವಿತರಿಸಿದ್ದರಿಂದ ಸೇತುವೆಗೇ ತುಕ್ಕು ಹೆಚ್ಚಿದ ಬಗ್ಗೆ; ಹಾಗೂ ಇತರೆ ವಿಷಯಗಳು, ಅವು ಹೊರಬಿದ್ದ ಕ್ರಮದಲ್ಲಿ.

ಉಲ್ಲೇಖ:
(೧) ಪೋಷಣಾ ಉಪನ್ಯಾಸಕಿಯವರು ಊಟದ ಕೋಣೆಯಲ್ಲಿ ನೀಡಿದ ಉಪನ್ಯಾಸ (ಫ್ಯಾನು ಕೆಟ್ಟಿದ್ದ ಕಾರಣ ಚೆನ್ನಾಗಿ ಕೇಳಿಸಿದ್ದು).
(೨) ಇದೇ ಸಂಖ್ಯೆಯ ಮೂಲ ಸುತ್ತೋಲೆ ಮತ್ತು ಅದರ ಒಂದನೇ, ಎರಡನೇ ತಿದ್ದುಪಡಿಗಳು (ತಿದ್ದುಪಡಿಗಳನ್ನು ಪಾರಿವಾಳಗಳ ಕಾರಣ ಹಿಂಪಡೆಯಲಾಗಿದೆ).
(೩) ಬಣ್ಣ ಬಳಿಯುವ ನೌಕರ ಪೈಲ್ವಾನರ ದೂರು ಅರ್ಜಿ.
(೪) ಅಡುಗೆಮನೆಯ ಅತ್ತಿಗೆಯವರ ಮೌಖಿಕ ಉತ್ತರ, ಸೌಟು ಸಹಿತ.

ಮಹತ್ವದ ವಿಷಯಗಳು ಸಾಮಾನ್ಯವಾಗಿ ಈ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಹತ್ತಿದಾಗ ಅವುಗಳನ್ನು ಬಾಗಿಲಲ್ಲೇ ಗುರುತಿಸುವ ಅಭ್ಯಾಸವೂ ಸಿಬ್ಬಂದಿಗೆ ಇರುವುದಿಲ್ಲ. ಆದುದರಿಂದ, ಒಂದು ಹಿಡಿ ಹುರಿದ ಕಡಲೆ ಯಾರ ಜೇಬಿಗೆ, ಯಾವ ವಯಸ್ಸಿನಲ್ಲಿ, ದಿನಕ್ಕೆ ಎಷ್ಟು ಬಾರಿ ಬೀಳಬೇಕೆಂಬ ಪ್ರಶ್ನೆಯು ಸೇತುವೆಯ ಭದ್ರತೆಗೂ, ಕೆಳಗಿನ ದೋಣಿ ಸಂಚಾರಕ್ಕೂ, ಒಬ್ಬ ನೌಕರರ ಮೂವತ್ತಮೂರು ವರ್ಷಗಳ ಸೇವೆಗೂ ನೇರವಾಗಿ ತಗುಲಿಕೊಂಡಿದೆ ಎಂಬುದನ್ನು ಎಲ್ಲರೂ ಎದ್ದು ನಿಂತು ಓದಿಕೊಳ್ಳಬೇಕಾಗಿದೆ. ಹಿಂದಿನ ತಿದ್ದುಪಡಿಗಳನ್ನು ಓದಿದವರು ಅವುಗಳನ್ನು ಮರೆಯತಕ್ಕದ್ದು. ಓದದೇ ಇದ್ದವರು ಯಥಾಸ್ಥಿತಿ ಕಾಪಾಡತಕ್ಕದ್ದು.

೧. ಉಪನ್ಯಾಸದಲ್ಲಿ ಪೋಷಣಾ ಉಪನ್ಯಾಸಕಿಯವರು ಹೀಗೆ ಹೇಳಿರುವುದು ದಾಖಲಾಗಿರುತ್ತದೆ: “ನಿಮ್ಮ ಸೇತುವೆ ಗಾಳಿಗೆ ಸಿಕ್ಕಿ ತುಕ್ಕು ಹಿಡಿಯುತ್ತಲ್ಲ, ಮೈಯೊಳಗೂ ಸುಮಾರಾಗಿ ಅಂಥದ್ದೇ ಒಂದು ಸವೆತ ದಿನಾ ನಡೀತಿರುತ್ತೆ. ಸೇತುವೆಗೆ ನೀವು ಬಣ್ಣ ಬಳೀತೀರ. ಮೈ ಹಾಗಲ್ಲ, ತನ್ನ ಬಣ್ಣ ತಾನೇ ಅರೆದುಕೊಳ್ಳುತ್ತೆ. ಅದರಲ್ಲಿ ಮುಖ್ಯವಾದದ್ದು ಗ್ಲುಟಾಥಯೋನ್ ಅಂತ. ಅದಕ್ಕೆ ಬೇಕಾದ ಸಾಮಾನು ನೀವು ತಿನ್ನೋ ಬೇಳೆ, ಕಾಳು, ಮೊಟ್ಟೆ, ಮೀನು, ಹಾಲಿನ ಪ್ರೋಟೀನಿಂದ ಬರಬೇಕು. ಸಾಮಾನು ಕಡಿಮೆ ಬಿದ್ದರೆ ತಯಾರಿ ನಿಧಾನ. ವಯಸ್ಸಾಗ್ತಾ ತಯಾರಿ ಇನ್ನೂ ಸ್ವಲ್ಪ ಸೋಮಾರಿ ಆಗೋದುಂಟು. ಅದಕ್ಕೇ ಹಿರಿಯರು ಊಟದಲ್ಲಿ ಬೇಳೆ ಕಾಳು ಬಿಡಬಾರದು.” ಇದಾದ ಮೇಲೆ ಅವರು ಇನ್ನೂ ಒಂದು ಮಾತು ಹೇಳಿದರಾದರೂ, ಅಷ್ಟರಲ್ಲಿ ಊಟದ ಗಂಟೆ ಹೊಡೆದು ಸಭೆ ಎದ್ದುದರಿಂದ ಸದರಿ ಮಾತು ದಾಖಲಾಗಿರುವುದಿಲ್ಲ.

೨. ಸೇತುವೆಯ ಹೋಲಿಕೆಯನ್ನು ತಾವು ಕೇಳುಗರ ಕಸುಬು ನೋಡಿ ಮರ್ಯಾದೆಗೆ ಹೇಳಿದ್ದೆಂದು ಉಪನ್ಯಾಸಕಿಯವರು ಅನಂತರ ಪತ್ರ ಬರೆದಿರುತ್ತಾರೆ. ಪತ್ರ ತಲುಪುವ ವೇಳೆಗೆ ಕಡತ ತೆರೆದಾಗಿತ್ತು. ತೆರೆದ ಕಡತವನ್ನು ಮುಚ್ಚುವ ನಮೂನೆ ಈ ಕಚೇರಿಯಲ್ಲಿ ಇರುವುದಿಲ್ಲ. ತುಕ್ಕು ಎಲ್ಲಿ ಕಂಡರೂ ಅದು ಈ ಉಪವಿಭಾಗದ್ದೇ ಎಂದು ಸ್ಥಾಪನಾ ಆದೇಶದ ಮೊದಲ ವಾಕ್ಯ ಹೇಳುವುದರಿಂದ, ಸಿಬ್ಬಂದಿಯ ಮೂಳೆ, ಸ್ನಾಯು, ಯಕೃತ್ತು ಮುಂತಾದವುಗಳನ್ನು ಸೇತುವೆಯ ನಾಲ್ಕನೇ ಕಮಾನಿನ ಮುಂದುವರಿದ ಭಾಗವೆಂದು ಪರಿಗಣಿಸಿ ತಪಾಸಣಾ ವಹಿಗೆ ಸೇರಿಸಲಾಗಿದೆ.

೩. ಗ್ಲುಟಾಥಯೋನ್ ಎಂಬ ಪದವು ವಹಿಯ ಮೂರು ಬೆರಳಗಲದ ಕಾಲಮಿನಲ್ಲಿ ಹಿಡಿಸದೆ ಪಕ್ಕದ ‘ಷರಾ’ ಕಾಲಮಿನೊಳಕ್ಕೆ ಅತಿಕ್ರಮಣ ಮಾಡುತ್ತಿರುವುದು ಕಂಡುಬಂದಿದೆ. ಆದ್ದರಿಂದ ಇನ್ನು ಮುಂದೆ ಸದರಿ ವಸ್ತುವನ್ನು ‘ಒಳಲೇಪ’ ಎಂದು ಬರೆಯತಕ್ಕದ್ದು. ಶರೀರವು ಅದನ್ನು ಹಿಂದಿನ ಹೆಸರಿನಲ್ಲಿಯೇ ತಯಾರಿಸಿಕೊಳ್ಳಲು ಅಭ್ಯಂತರವಿಲ್ಲ.

೪. ಹಳೆಯ ಕಮಾನು ಹೆಚ್ಚು ಬಣ್ಣ ಕುಡಿಯುತ್ತದೆಂಬುದು ಈ ಉಪವಿಭಾಗದ ದೀರ್ಘಕಾಲದ ಅನುಭವ. ಅದರನ್ವಯ ಮೂಲ ಸುತ್ತೋಲೆಯಲ್ಲಿ ನಿಗದಿಪಡಿಸಿದ ದೈನಿಕ ಪ್ರಮಾಣ ಹೀಗಿದೆ:
(ಅ) ಮೂವತ್ತು ವರ್ಷದೊಳಗಿನವರಿಗೆ ಒಂದು ಹಿಡಿ;
(ಆ) ಮೂವತ್ತರಿಂದ ನಲವತ್ತೈದರವರೆಗೆ ಎರಡು ಹಿಡಿ;
(ಇ) ನಲವತ್ತೈದರಿಂದ ಐವತ್ತೈದರವರೆಗೆ ಮೂರು ಹಿಡಿ;
(ಈ) ಅದಕ್ಕೂ ಮೇಲ್ಪಟ್ಟವರಿಗೆ ನಾಲ್ಕು ಹಿಡಿ. ಈ ವರ್ಗದಲ್ಲಿ ಒಬ್ಬರೇ ಇರುತ್ತಾರೆ. ಅವರ ವಿಷಯ ಒಂಬತ್ತನೇ ಕಂಡಿಕೆಯಲ್ಲಿ ಬರುತ್ತದೆ.

೫. ‘ಹಿಡಿ’ ಎಂದರೆ ಯಾರ ಹಿಡಿ ಎಂಬ ಪ್ರಶ್ನೆ ಮೊದಲನೆಯ ದಿನವೇ ಉದ್ಭವಿಸಿತು. ಪೈಲ್ವಾನರು ತಮ್ಮದೇ ಹಿಡಿಯನ್ನು ಪ್ರಮಾಣವಾಗಿ ಒಪ್ಪಿಸಿದ್ದು, ಅದರಿಂದ ಕಡಲೆ ಡಬ್ಬಿಯ ತಳ ಕಂಡಿತು. ಇನ್ನು ಮುಂದೆ ಹಿಡಿ ಎಂದರೆ ಉಪವಿಭಾಗಾಧಿಕಾರಿಯ ಬಲಗೈ ಹಿಡಿ ಎಂದೇ ಅರ್ಥೈಸತಕ್ಕದ್ದು. ಸದರಿ ಹಿಡಿಯು ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಹನ್ನೊಂದೂಕಾಲರವರೆಗೆ ಸಾರ್ವಜನಿಕ ವೀಕ್ಷಣೆಗೆ ಲಭ್ಯವಿರುತ್ತದೆ. ಅಧಿಕಾರಿಯು ರಜೆಯಲ್ಲಿರುವಾಗ ಪ್ರಭಾರ ಹಿಡಿಯನ್ನು ನೇಮಿಸಲಾಗುವುದು.

೬. ಮೊಟ್ಟೆಯನ್ನು ಬಿಟ್ಟು ಕಡಲೆಯನ್ನೇ ಏಕೆ ಆರಿಸಲಾಯಿತು ಎಂದು ಕೇಳಲಾಗಿದೆ. ಮೊಟ್ಟೆ ಉರುಳುವ ಸ್ವಭಾವದ್ದು, ಸೇತುವೆಯ ಕೆಳಗೆ ದೋಣಿಗಳಿವೆ, ದೋಣಿಗಳಲ್ಲಿ ಜನರಿದ್ದಾರೆ, ಜನರಿಗೆ ತಲೆಗಳಿವೆ. ಪ್ರಾಯೋಗಿಕವಾಗಿ ಕೊಟ್ಟ ಮೊದಲ ಮೊಟ್ಟೆಯ ಬಗ್ಗೆ ಅಂಬಿಗರ ಸಂಘದಿಂದ ಬಂದ ಪತ್ರವನ್ನು ಈ ಕಡತದಲ್ಲಿ ಇಟ್ಟಿದೆ. ಪತ್ರ ಇನ್ನೂ ಒಣಗಿರುವುದಿಲ್ಲ. ಹಾಲು ಮೆಟ್ಟಿಲಲ್ಲಿ ಚೆಲ್ಲುತ್ತದೆ. ಮೀನನ್ನು ಜೇಬಿನಲ್ಲಿಟ್ಟುಕೊಳ್ಳಲು ಸಿಬ್ಬಂದಿ ಒಪ್ಪಿರುವುದಿಲ್ಲ. ಉಳಿದದ್ದು ಕಡಲೆ.

೭. ಒಂದು ಲೇಪಕ್ಕೂ ಇನ್ನೊಂದು ಲೇಪಕ್ಕೂ ನಡುವೆ ಒಣಗಲು ನಾಲ್ಕು ಗಂಟೆ ಬಿಡಬೇಕೆಂಬುದು ಬಣ್ಣದ ನಿಯಮ. ಇದನ್ನು ಕಡಲೆಗೂ ಅನ್ವಯಿಸಿದಾಗ ನಾಲ್ಕು ಹಿಡಿಯವರು ಕೆಲಸದ ಅವಧಿ ಮುಗಿದ ಮೇಲೂ ಎರಡು ಹಿಡಿ ಬಾಕಿ ಉಳಿಸಿಕೊಂಡು ಮನೆಗೆ ಹೋಗುವುದು ಕಂಡುಬಂದಿದೆ. ಉಪನ್ಯಾಸಕಿಯವರನ್ನು ವಿಚಾರಿಸಲಾಗಿ, “ಒಂದೇ ಸಲ ತುರುಕೋದಕ್ಕಿಂತ ಮೂರು ಹೊತ್ತಿಗೂ ಹಂಚಿಕೊಂಡು ತಿನ್ನಲಿ, ಅಷ್ಟೆ. ಒಣಗೋದು ಗಿಣಗೋದು ಏನಿಲ್ಲ” ಎಂದು ತಿಳಿಸಿರುತ್ತಾರೆ. ‘ಗಿಣಗುವುದು’ ಎಂಬುದರ ಅವಧಿಯನ್ನು ಅವರು ತಿಳಿಸಿರುವುದಿಲ್ಲ. ತಾತ್ಕಾಲಿಕವಾಗಿ ಅದನ್ನು ಅರ್ಧ ಗಂಟೆ ಎಂದು ಇಟ್ಟುಕೊಳ್ಳಲಾಗಿದೆ.

೮. ಒಂದು ಹಿಡಿ ವರ್ಗಕ್ಕೆ ಸೇರಿದ ಪೈಲ್ವಾನರು (ವಯಸ್ಸು ಇಪ್ಪತ್ತಾರು, ಬಣ್ಣದ ಡಬ್ಬಿಗಳನ್ನು ಎರಡೆರಡಾಗಿ ಎತ್ತುವುದರಿಂದ ಈ ಹೆಸರು) ಸಲ್ಲಿಸಿದ ದೂರನ್ನು ಶುದ್ಧ ಆಡಳಿತ ಭಾಷೆಗೆ ತರಲು ಯತ್ನಿಸಲಾಯಿತು. ಹಾಗೆ ತಂದಾಗ ಅದರಲ್ಲಿನ ಕಳಕಳಿ ಉದುರಿಹೋಗುತ್ತಿದ್ದುದರಿಂದ ಇದ್ದಂತೆಯೇ ಕೊಡಲಾಗಿದೆ: “ಡಬ್ಬಿ ಎತ್ತೋನು ನಾನು. ಏಣಿ ಹೊರೋನು ನಾನು. ಕಡಲೆ ಮಾತ್ರ ಮಾವನಿಗೆ ನಾಲ್ಕು ಹಿಡಿ, ನನಗೆ ಒಂದು. ಸಾಹೇಬ್ರೇ, ತುಕ್ಕು ಹಿಡಿದ ಮೇಲೆ ಬಳಿಯೋದು ಜಾಣತನಾನಾ, ಹಿಡಿಯೋಕೆ ಮುಂಚೆ ಬಳಿಯೋದಾ? ಮಾವ ಅಷ್ಟನ್ನೂ ತಿಂತಾರೆ ಅಂತೀರಾ? ಅವರ ಮೈಮೇಲಂತೂ ಕಾಣ್ತಿಲ್ಲ.” ದೂರನ್ನು ತಿರಸ್ಕರಿಸಲಾಯಿತು. ಅದರ ಕೊನೆಯ ಎರಡು ವಾಕ್ಯಗಳನ್ನು ಆಗ ಯಾರೂ ಓದಿರಲಿಲ್ಲವೆಂಬುದನ್ನು ವಿಷಾದದಿಂದಲ್ಲದಿದ್ದರೂ ಸ್ಪಷ್ಟವಾಗಿ ದಾಖಲಿಸಲಾಗಿದೆ.

೯. ಮೇಲಿನ ದೂರಿನಲ್ಲಿ ‘ಮಾವ’ ಎಂದಿರುವುದು ಸೇತುವೆಯ ಮೂರನೇ ಕಮಾನಿನ ಹಿರಿಯ ತಪಾಸಕರಾದ ಸುತ್ತಿಗೆ ಮಾವನವರನ್ನು. ವಯಸ್ಸು ಐವತ್ತೊಂಬತ್ತು. ಕಬ್ಬಿಣದ ಪಟ್ಟಿಗಳನ್ನು ಹಿಡಿದಿಡುವ ರಿವೆಟ್ಟು ಮೊಳೆಯನ್ನು ಸುತ್ತಿಗೆಯಿಂದ ತಟ್ಟಿ, ಅದರ ದನಿಯಿಂದಲೇ ಅದು ಗಟ್ಟಿಯೋ ಸಡಿಲವೋ ಎಂದು ಹೇಳುವುದು ಅವರ ಕೆಲಸ. ಮೂವತ್ತಮೂರು ವರ್ಷಗಳಲ್ಲಿ ಅವರು ಗಟ್ಟಿ ಎಂದ ಯಾವ ರಿವೆಟ್ಟೂ ಕಳಚಿಬಿದ್ದಿರುವುದಿಲ್ಲ. ಆದರೆ ಈ ವರ್ಷ ತೊಂಬತ್ತಾರು ಮೆಟ್ಟಿಲುಗಳ ಏಣಿಯಲ್ಲಿ ಅವರು ನಲವತ್ತನೆಯದರಲ್ಲಿ ನಿಂತು, ಬಣ್ಣ ನೋಡುವ ನೆಪದಲ್ಲಿ ಉಸಿರು ಬಿಡುತ್ತಿರುವುದು ಕೆಳಗಿನಿಂದ ಕಂಡುಬಂದಿದೆ. ಬೆಲ್ಟನ್ನು ಎರಡು ತೂತು ಬಿಗಿ ಮಾಡಿಕೊಳ್ಳಬೇಕಾಗಿ ಬಂದಿದೆ. ವಾರ್ಷಿಕ ಏಣಿ ಪರೀಕ್ಷೆಯಲ್ಲಿ ಒಂದೂವರೆ ಕಿಲೋ ಸುತ್ತಿಗೆಯೊಂದಿಗೆ ನಿಲ್ಲದೆ ಏರಿ, ಮೂವತ್ತು ರಿವೆಟ್ಟು ತಟ್ಟಿ ತೀರ್ಪು ಹೇಳಬೇಕು. ಹೇಳಲಾಗದವರನ್ನು ಉದ್ಯಾನದ ಬೆಂಚು ಶಾಖೆಗೆ ಇಳಿಸುವುದು ನಿಯಮ. ಬೆಂಚು ಶಾಖೆಯ ಬಗ್ಗೆ ಮಾವನವರ ಅಭಿಪ್ರಾಯ ಈ ಹಿಂದೆಯೇ ದಾಖಲಾಗಿದೆ: “ಬೆಂಚನ್ನ ತಟ್ಟಿ ಏನು ಕೇಳಿಸ್ಕೋಬೇಕು? ಮೇಲೆ ಕೂತೋರ ಗೊರಕೆನಾ?”

೧೦. ಆದಕಾರಣ ಮಾವನವರ ಒಳಲೇಪವನ್ನು ತುರ್ತು ಕಾಮಗಾರಿ ಎಂದು ಘೋಷಿಸಿ, ಒಂದನೇ ತಿದ್ದುಪಡಿಯಲ್ಲಿ ಅವರ ಕಡಲೆಯನ್ನು ಆರು ಹಿಡಿಗೂ, ಎರಡನೇ ತಿದ್ದುಪಡಿಯಲ್ಲಿ ಎಂಟು ಹಿಡಿಗೂ ಏರಿಸಲಾಯಿತು. ಅವರು ಪ್ರತಿದಿನ ಕಡಲೆಯನ್ನು ಸ್ವೀಕರಿಸಿ, ಸಹಿ ಹಾಕಿ, ಜೇಬಿಗೆ ಹಾಕಿಕೊಂಡು ಕಮಾನು ಏರುತ್ತಿದ್ದರು. ಸಂಜೆ ಜೇಬು ಖಾಲಿ ಇರುತ್ತಿತ್ತು. ವಹಿಯ ಪ್ರಕಾರ ಅವರು ಈ ಉಪವಿಭಾಗದ ಇತಿಹಾಸದಲ್ಲೇ ಅತಿ ಹೆಚ್ಚು ಲೇಪಿತರಾದ ನೌಕರರು. ಬೆಲ್ಟು ಮಾತ್ರ ಮೂರನೇ ತೂತಿಗೆ ಹೋಯಿತು.

೧೧. ಇದೇ ಅವಧಿಯಲ್ಲಿ ಮೂರನೇ ಕಮಾನಿನ ತುಕ್ಕು ಎರಡನೇ ದರ್ಜೆಯಿಂದ ನಾಲ್ಕನೇ ದರ್ಜೆಗೆ ಏರಿದ್ದು ಗಮನಕ್ಕೆ ಬಂತು. ಸ್ಥಳ ಪರಿಶೀಲನೆ ನಡೆಸಲಾಗಿ, ಮೊದಲು ಒಂಬತ್ತಿದ್ದ ಪಾರಿವಾಳಗಳು ಅರವತ್ತಮೂರು ಆಗಿದ್ದವು. ಅವುಗಳ ಹಿಕ್ಕೆ ಬಣ್ಣವನ್ನು ತಿಂದು ಕಬ್ಬಿಣವನ್ನು ಮುಟ್ಟಿತ್ತು. ಪಾರಿವಾಳಗಳ ಗರಿ ಮಿರುಗುತ್ತಿದ್ದು, ಕಣ್ಣು ಚುರುಕಾಗಿದ್ದು, ಒಂದಕ್ಕೂ ಹಾರುವ ಆಸಕ್ತಿ ಇರಲಿಲ್ಲ. ತಪಾಸಣಾ ವಹಿಯಲ್ಲಿ ಅವುಗಳ ಒಳಲೇಪಕ್ಕೆ ‘ಅತ್ಯುತ್ತಮ’ ಎಂಬ ದರ್ಜೆ ನೀಡಲಾಗಿದೆ. ಸಿಬ್ಬಂದಿಯ ಪೈಕಿ ಯಾರಿಗೂ ಈವರೆಗೆ ಸದರಿ ದರ್ಜೆ ಲಭಿಸಿರುವುದಿಲ್ಲ.

೧೨. ತನಿಖೆ ಆರಂಭಿಸಲಾಯಿತು. ಮಾವನವರು ಪಕ್ಷಿಪ್ರಿಯರೇ ಎಂದು ಅವರ ಮನೆಯಲ್ಲಿ ವಿಚಾರಿಸಲಾಗಿ, ಅವರೊಡನೆ ವಾಸವಾಗಿರುವ ಅವರ ಅಕ್ಕ (ವಯಸ್ಸು ಎಪ್ಪತ್ತೊಂದು, ಬಾಗಿಲು ತೆರೆಯುವಾಗ ಜೋಳದ ತೆನೆಯೊಂದನ್ನು ಕಡಿಯುತ್ತಿದ್ದರು) ಹೀಗೆ ಹೇಳಿರುತ್ತಾರೆ: “ಪಕ್ಷಿ ಅಂದ್ರೆ ಅವನಿಗೆ ಆಗಲ್ಲ. ಅವನು ಮನೇಲಿ ಸರಿಯಾಗಿ ಉಣ್ಣಲ್ಲ ಕಣಪ್ಪ. ಕೇಳಿದ್ರೆ ಆಫೀಸಲ್ಲೇ ಹೊಟ್ಟೆ ತುಂಬಾ ಆಯ್ತು ಅಂತಾನೆ.” ಕಚೇರಿಯಲ್ಲಿ ವಿಚಾರಿಸಲಾಗಿ, ಮನೆಯಲ್ಲೇ ಹೊಟ್ಟೆ ತುಂಬಾ ಆಯಿತೆಂದು ಹೇಳುತ್ತಿದ್ದುದು ತಿಳಿದುಬಂತು. ಈ ಎರಡು ಹೇಳಿಕೆಗಳನ್ನು ಒಂದೇ ಕಡತದಲ್ಲಿ ಇಟ್ಟು ನೋಡುವವರೆಗೆ ಎರಡೂ ಸಮಾಧಾನಕರವಾಗಿದ್ದವು.

೧೩. ಈ ಹಂತದಲ್ಲಿ ಅಡುಗೆಮನೆಯ ಅತ್ತಿಗೆಯವರು, ಯಾರೂ ಕರೆಯದಿದ್ದರೂ, ಸೌಟಿನೊಂದಿಗೆ ಮೇಲಂತಸ್ತಿಗೆ ಹಾಜರಾಗಿ ಕೊಟ್ಟ ಹೇಳಿಕೆ ಹೀಗಿದೆ:

“ಸಾಹೇಬ್ರೇ, ಮಾವನೋರು ನಾಲ್ಕು ಹಿಡಿ ತಿಂದರೋ ಎಂಟು ಹಿಡಿ ತಿಂದರೋ ಅಂತ ಬರ್ಕೊಂಡು ಕೂತಿದ್ದೀರಲ್ಲ, ಒಂದು ದಿನಾನಾದ್ರೂ ಅವರು ಅಗಿಯೋದನ್ನ ನೋಡಿದ್ದೀರಾ? ನಾನಂತೂ ನೋಡಿಲ್ಲ. ಎಂಟು ತಿಂಗಳಾಯ್ತು, ಟೀಲಿ ಅದ್ದಿದ ಬ್ರೆಡ್ಡು ಬಿಟ್ಟು ಆ ತಟ್ಟೇಲಿ ಇನ್ನೇನೂ ಖಾಲಿ ಆಗಿಲ್ಲ. ಜ್ವರ ಗಿರ ಬಂದಿರಬೇಕು ಅಂದ್ಕೊಂಡಿದ್ದೆ. ನಿನ್ನೆ ಟೀ ಕುಡಿಯೋಕೆ ಮುಖದ ಗವಸು ಸರಿಸಿದ್ರು, ಆಗ ಕಂಡಿತು. ಮೇಲಿನ ಸಾಲು ಪೂರ್ತಿ ಬಯಲು. ಕಟ್ಟಿಸ್ಕೊಂಡಿದ್ದ ಹಲ್ಲು ಸೆಟ್ಟೇ ಇಲ್ಲ. ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತ ನಮ್ಮಜ್ಜಿ ಬರೀ ಹೇಳ್ತಿದ್ರು. ನೀವು ಅದನ್ನ ಸುತ್ತೋಲೆ ಮಾಡಿ ಹಂಚಿಬಿಟ್ಟಿದ್ದೀರ.”

೧೪. ಮೇಲ್ಕಂಡ ಹೇಳಿಕೆಯಲ್ಲಿ ಪ್ರಸ್ತಾಪಿತವಾದ ಗಾದೆಯು ಈಗಲೂ ಜಾರಿಯಲ್ಲಿದೆಯೇ, ರದ್ದಾಗಿದೆಯೇ ಎಂದು ಪರಿಶೀಲಿಸಲಾಯಿತು. ರದ್ದತಿ ಆದೇಶ ಯಾವ ಕಪಾಟಿನಲ್ಲೂ ದೊರೆತಿರುವುದಿಲ್ಲ. ಅಲ್ಲದೆ ನಾಲ್ಕನೇ ಕಂಡಿಕೆಯ (ಅ) ಮತ್ತು (ಈ) ಉಪಕಂಡಿಕೆಗಳು ಸದರಿ ಗಾದೆಯ ಎರಡು ಭಾಗಗಳನ್ನು ಒಂದಕ್ಷರವೂ ಬಿಡದೆ ಅನುಷ್ಠಾನಕ್ಕೆ ತಂದಿರುವುದು ಕಂಡುಬಂದಿದೆ. ಈ ಕಚೇರಿಯ ಬೇರಾವ ಯೋಜನೆಯೂ ಇಷ್ಟು ಪೂರ್ಣವಾಗಿ ಅನುಷ್ಠಾನಗೊಂಡ ನಿದರ್ಶನವಿಲ್ಲ.

೧೫. ಗವಸಿನ ಬಗ್ಗೆ: ಮಾವನವರು ಎಂಟು ತಿಂಗಳಿಂದ ಧೂಳಿನ ಮುಖಗವಸನ್ನು ಸೇತುವೆಯ ಮೇಲೆ, ಮೆಟ್ಟಿಲಿನ ಮೇಲೆ, ಸಭೆಗಳಲ್ಲಿ ಹಾಗೂ ಕಚೇರಿಯ ಸಾಮೂಹಿಕ ಛಾಯಾಚಿತ್ರದಲ್ಲಿ ಸಹ ತೆಗೆಯದೆ ಧರಿಸಿರುವುದನ್ನು ಮೆಚ್ಚಿ ಅವರಿಗೆ ‘ಸುರಕ್ಷತಾ ಪಾಲನೆಯಲ್ಲಿ ಮಾದರಿ ನೌಕರ’ ಎಂಬ ಪ್ರಶಂಸಾ ಪತ್ರ ನೀಡಲಾಗಿತ್ತು. ಪತ್ರವನ್ನು ಹಿಂಪಡೆಯುವ ಅಗತ್ಯ ಕಂಡುಬರುವುದಿಲ್ಲ. ಗವಸನ್ನು ಏಕೆ ಧರಿಸಬೇಕೆಂದು ನಿಯಮದಲ್ಲಿ ಎಲ್ಲಿಯೂ ಹೇಳಿಲ್ಲ.

೧೬. ಹಲ್ಲು ಸೆಟ್ಟು ಎಲ್ಲಿ ಹೋಯಿತು, ಹೋದದ್ದನ್ನು ಏಕೆ ತಿಳಿಸಲಿಲ್ಲ ಎಂದು ಮಾವನವರನ್ನು ಕೇಳಲಾಯಿತು. ಅದು ಮೂರನೇ ಕಮಾನಿನಿಂದ ಹೊಳೆಗೆ ಬಿದ್ದಿರುತ್ತದೆ. ಸೇತುವೆಯಿಂದ ಏನು ಬಿದ್ದರೂ ಬೀಳಿಸಿದವರು ಹದಿನೇಳನೇ ನಮೂನೆಯನ್ನು ಮೂರು ಪ್ರತಿಗಳಲ್ಲಿ ಭರ್ತಿ ಮಾಡಬೇಕಾಗಿರುತ್ತದೆ. ಬಿದ್ದ ವಸ್ತು, ತೂಕ, ಎತ್ತರ ಎಂಬ ಕಾಲಮುಗಳ ನಂತರ ‘ಬೀಳಲು ಕಾರಣ’ ಎಂಬ ಕಾಲಮು ಇದೆ. ಮಾವನವರ ಹೇಳಿಕೆ:

“ಅಲ್ಲೇ ಸಿಕ್ಕಿಹಾಕ್ಕೊಂಡೆ ಸಾಹೇಬ್ರೇ. ಆವತ್ತು ಮೇಲೆ ಕೂತು ಟೀ ಕುಡೀತಿದ್ವಿ. ಪೈಲ್ವಾನ ನಿಮ್ಮ ಹಾಗೆ ಮಾಡಿ ತೋರಿಸ್ದ. ಕನ್ನಡಕದ ಮೇಲಿಂದ ನೋಡೋದು, ಫೈಲನ್ನ ಮೂಸೋದು, ಎಲ್ಲಾನೂ. ನಗು ತಡೀಲಿಲ್ಲ. ಬಾಯಿ ಬಿಟ್ಟೆ, ಹಲ್ಲು ಹೋಯ್ತು. ಅವನು ಆ ಕಡೆ ತಿರುಗಿದ್ದ, ಅವನಿಗೆ ಗೊತ್ತಾಗ್ಲಿಲ್ಲ. ಕೆಳಗೆ ಪುಳಕ್ ಅಂತ ಕೇಳಿಸ್ತು. ಕಾರಣ ಅಂತ ಏನು ಬರೀಲಿ? ಸುಳ್ಳು ಬರೆದು ಅಭ್ಯಾಸ ಇಲ್ಲ. ನಿಜ ಬರೆದ್ರೆ ಅವನ ಕೆಲಸಕ್ಕೆ ಕುತ್ತು. ಮೊನ್ನೆ ತಾನೇ ಖಾಯಂ ಆಗಿದ್ದ. ಹೊಸ ಹಲ್ಲು ಕಟ್ಟಿಸ್ಕೊಂಡ್ರೂ ಹಳೇದೇನಾಯ್ತು ಅಂತ ಕೇಳ್ತೀರ, ನಮೂನೆ ಕೊಡ್ತೀರ. ಹಲ್ಲು ತಾನೇ, ಹೋದ್ರೆ ಹೋಯ್ತು ಅಂದ್ಕೊಂಡೆ.”

ಕಡಲೆಯ ಬಗ್ಗೆ ಕೇಳಲಾಗಿ, “ಸಹಿ ಹಾಕಿ ತಗೊಂಡ ಸರ್ಕಾರಿ ಸಾಮಾನನ್ನ ಹೊಳೆಗೆ ಎಸೆದ್ರೆ ಮತ್ತೆ ಹದಿನೇಳನೇ ನಮೂನೆ. ಹಕ್ಕಿ ತಿಂದ್ರೆ ಅದು ಬಿದ್ದ ಹಾಗಲ್ಲ ಅಲ್ವಾ” ಎಂದಿರುತ್ತಾರೆ. ನಿಯಮಾವಳಿಯನ್ನು ಪರಿಶೀಲಿಸಲಾಗಿ, ಅವರ ಅರ್ಥವಿವರಣೆ ಸರಿಯಾಗಿರುವುದು ದೃಢಪಟ್ಟಿದೆ.

೧೭. ಪೈಲ್ವಾನರಿಗೆ ಈ ಹೇಳಿಕೆಯನ್ನು ಓದಿ ಹೇಳಲಾಯಿತು. ಅವರು ಉಲ್ಲೇಖ (೩)ರ ದೂರನ್ನು ಹಿಂಪಡೆದಿರುತ್ತಾರೆ. ಹಿಂಪಡೆಯಲು ನೀಡಿದ ಕಾರಣ: “ಎಂಟು ತಿಂಗಳು ಪಕ್ಕದಲ್ಲೇ ಕೂತಿದ್ದೀನಿ. ಒಂದು ಮಾತು ಹೇಳ್ಲಿಲ್ಲ ಆ ಮನುಷ್ಯ. ಸಾಲದ್ದಕ್ಕೆ ನಾನೇ ಅವರ ಮೇಲೆ ಅರ್ಜಿ ಬರೆದೆ.” ಅದೇ ಮಧ್ಯಾಹ್ನ ಅವರು ಅಂಬಿಗರಲ್ಲಿ ಒಬ್ಬರನ್ನು ಒಪ್ಪಿಸಿ, ಮೂರನೇ ಕಮಾನಿನ ಕೆಳಗೆ ನಾಲ್ಕು ಬಾರಿ ಮುಳುಗಿ ಹುಡುಕಿದರು. ಸಿಕ್ಕ ವಸ್ತುಗಳು: ಈ ಕಚೇರಿಯ ತಂತಿ ಬ್ರಷ್ಷುಗಳು ಏಳು, ಸುತ್ತಿಗೆ ಎರಡು, ನಮೂನೆ ಹದಿನೇಳರ ಖಾಲಿ ಪುಸ್ತಕ ಒಂದು. ಹಲ್ಲು ಇಲ್ಲ.

೧೮. ಅನುಕರಣೆಯ ಬಗ್ಗೆ: ಸದರಿ ಅನುಕರಣೆಯು ನೈಜವಾಗಿತ್ತೇ ಎಂಬುದನ್ನು ನಿರ್ಧರಿಸದೆ ಶಿಸ್ತುಕ್ರಮ ಸಾಧ್ಯವಿಲ್ಲದ ಕಾರಣ, ಅದನ್ನು ಕೆಳಸಹಿದಾರರ ಸಮ್ಮುಖದಲ್ಲಿ ಇನ್ನೊಮ್ಮೆ ಪ್ರದರ್ಶಿಸುವಂತೆ ಪೈಲ್ವಾನರಿಗೆ ಸೂಚಿಸಲಾಯಿತು. ಕನ್ನಡಕದ ಭಾಗ ಸಮರ್ಪಕವಾಗಿತ್ತು. ಫೈಲು ಮೂಸುವ ಭಾಗದಲ್ಲಿ ಸ್ವಲ್ಪ ಅತಿಶಯೋಕ್ತಿ ಇದ್ದು, ಅದನ್ನು ಸರಿಯಾಗಿ ಹೇಗೆ ಮೂಸಬೇಕೆಂದು ಕೆಳಸಹಿದಾರರು ಮಾಡಿ ತೋರಿಸಿದರು. ಶಿಸ್ತುಕ್ರಮ ಕೈಬಿಡಲಾಗಿದೆ. ಇನ್ನು ಮುಂದೆ ಅಧಿಕಾರಿಗಳ ಅನುಕರಣೆಯನ್ನು ನೆಲಮಟ್ಟದಲ್ಲಿ ಮಾತ್ರ ಮಾಡತಕ್ಕದ್ದು. ವೀಕ್ಷಕರು ಕಟ್ಟಿಸಿಕೊಂಡ ಹಲ್ಲುಗಳನ್ನು ಮುಂಚಿತವಾಗಿ ಜೇಬಿನಲ್ಲಿ ಇರಿಸಿಕೊಳ್ಳತಕ್ಕದ್ದು.

೧೯. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಹಲ್ಲು ಎಂಬುದು ಒಳಲೇಪ ಬಳಿಯುವ ಉಪಕರಣವೆಂದು ಘೋಷಿಸಲಾಗಿದೆ. ದಾಸ್ತಾನು ವಹಿಯಲ್ಲಿ ‘ತಂತಿ ಬ್ರಷ್ಷು’ ಮತ್ತು ‘ಧೂಳು ಬಟ್ಟೆ’ ಇವುಗಳ ನಡುವೆ ‘ದಂತಪಂಕ್ತಿ, ಮೇಲಿನದು, ಒಂದು’ ಎಂದು ನಮೂದಿಸಿ, ಮಾವನವರಿಗೆ ಹೊಸದನ್ನು ಕಟ್ಟಿಸಿಕೊಡಲಾಗಿದೆ. ಹಳೆಯದರ ಬಗ್ಗೆ ಹದಿನೇಳನೇ ನಮೂನೆಯಲ್ಲಿ ‘ಬೀಳಲು ಕಾರಣ’ ಎಂಬಲ್ಲಿ ‘ಗುರುತ್ವಾಕರ್ಷಣೆ’ ಎಂದು ಕೆಳಸಹಿದಾರರೇ ಭರ್ತಿ ಮಾಡಿರುತ್ತಾರೆ.

(ಆ) ಎತ್ತರದಲ್ಲಿ ಬಳಸುವ ಪ್ರತಿ ಉಪಕರಣವನ್ನೂ ದಾರದಿಂದ ಕಟ್ಟಿರಬೇಕೆಂಬ ಒಂಬತ್ತನೇ ನಿಯಮವು ಸದರಿ ದಂತಪಂಕ್ತಿಗೂ ಅನ್ವಯಿಸುತ್ತದೆ. ದಾರದ ಇನ್ನೊಂದು ತುದಿಯನ್ನು ಅಂಗಿಯ ಎರಡನೇ ಗುಂಡಿಗೆ ಕಟ್ಟತಕ್ಕದ್ದು.

(ಇ) ಉಪಕರಣಗಳನ್ನು ಪ್ರತಿ ಸಂಜೆ ಉಗ್ರಾಣಕ್ಕೆ ಒಪ್ಪಿಸಬೇಕೆಂಬ ನಿಯಮದಿಂದ ಮಾತ್ರ ವಿನಾಯಿತಿ ನೀಡಲಾಗಿದೆ. ಮಾವನವರ ಅಕ್ಕನವರು ಈ ಕಚೇರಿಗೆ ಬಂದು, “ಹಾಗಾದ್ರೆ ರಾತ್ರಿ ಊಟಕ್ಕೆ ನಿಮ್ಮ ಉಗ್ರಾಣಕ್ಕೇ ಕರ್ಕೊಂಡು ಬರ್ಲಾ” ಎಂದು ಕೇಳಿದ ಪ್ರಶ್ನೆಯನ್ನೇ ವಿನಾಯಿತಿಯ ಕಾರಣವೆಂದು ಕಡತಕ್ಕೆ ಸೇರಿಸಲಾಗಿದೆ.

(ಈ) ಹೊಸ ಹಲ್ಲು ಬರುವವರೆಗಿನ ನಾಲ್ಕು ವಾರ ಬೇಳೆಯನ್ನು ಕರಗುವಂತೆ ಬೇಯಿಸಿ, ಮೊಟ್ಟೆಯನ್ನು ಹಿಸುಕಿ, ಕಾಳನ್ನು ಅರೆದು, ಮೂರು ಹೊತ್ತೂ ಮಾವನವರಿಗೆ ಬಡಿಸುವಂತೆ ಅಡುಗೆಮನೆಗೆ ಆದೇಶ ಹೊರಡಿಸಲಾಯಿತು. ಆದೇಶ ತಲುಪಿದಾಗ ಅತ್ತಿಗೆಯವರು ಅದನ್ನು ಹನ್ನೊಂದು ದಿನಗಳಿಂದ ಪಾಲಿಸುತ್ತಿರುವುದು ಕಂಡುಬಂತು. ಆದೇಶಕ್ಕೆ ಮುಂಚೆ ಪಾಲಿಸಿದ್ದಕ್ಕಾಗಿ ವಿವರಣೆ ಕೇಳಲಾಯಿತು. ವಿವರಣೆಯಾಗಿ ಸೌಟನ್ನು ತೋರಿಸಲಾಯಿತು. ವಿವರಣೆಯನ್ನು ಒಪ್ಪಿಕೊಳ್ಳಲಾಗಿದೆ.

(ಉ) ವಯೋವಾರು ಹಿಡಿ ಪದ್ಧತಿಯನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಯಾರಿಗೆ ಎಷ್ಟೆಂಬುದನ್ನು ಅತ್ತಿಗೆಯವರು ಅವರವರ ಮುಖ ಮತ್ತು ಹಿಂದಿನ ದಿನದ ತಟ್ಟೆ ನೋಡಿ ತೀರ್ಮಾನಿಸತಕ್ಕದ್ದು. ಉಪವಿಭಾಗಾಧಿಕಾರಿಯ ಬಲಗೈ ಹಿಡಿಯನ್ನು ಸೇವೆಯಿಂದ ಬಿಡುಗಡೆಗೊಳಿಸಲಾಗಿದೆ.

(ಊ) ಮೂರನೇ ಕಮಾನಿನ ಪಾರಿವಾಳಗಳಿಗೆ ಸರಬರಾಜು ನಿಂತಿರುವ ವಿಷಯವನ್ನು ಕ್ರಮೇಣ ತಿಳಿಯಪಡಿಸತಕ್ಕದ್ದು.

೨೦. ಉಪನ್ಯಾಸದ ದಿನ ಗಂಟೆಯ ಸದ್ದಿನಲ್ಲಿ ದಾಖಲಾಗದೆ ಉಳಿದ ಕೊನೆಯ ಮಾತು ಯಾವುದೆಂದು ಉಪನ್ಯಾಸಕಿಯವರಿಗೆ ಪತ್ರ ಬರೆದು ಕೇಳಲಾಗಿತ್ತು. ಅವರ ಉತ್ತರ: “ಹಿರಿಯರು ಕಾಳು ಬಿಟ್ಟಿದ್ದರೆ, ಯಾಕೆ ಬಿಟ್ಟರು ಅಂತ ಮೊದಲು ಕೇಳಿ ಅಂದಿದ್ದೆ. ಹೆಚ್ಚಾಗಿ ಹಲ್ಲಿನ ತೊಂದರೆ ಇರುತ್ತೆ.” ಊಟದ ಗಂಟೆಯನ್ನು ಇನ್ನು ಮುಂದೆ ಮಾತು ಮುಗಿದ ಮೇಲೆ ಹೊಡೆಯತಕ್ಕದ್ದು. ಅದೇ ಪತ್ರದಲ್ಲಿ ಅವರು ಇನ್ನೊಂದು ಸೂಚನೆ ನೀಡಿರುತ್ತಾರೆ: “ನಿಮ್ಮ ಮಾವನವರು ಚೇತರಿಸಿಕೊಂಡರೆ ದಯವಿಟ್ಟು ಅದನ್ನು ಕಡಲೆಯ ಮಹಿಮೆ ಅಂತ ಬರೆಯಬೇಡಿ. ಊಟ ಬಿಟ್ಟಿದ್ದ ಮನುಷ್ಯ ಊಟ ಮಾಡಿದರು, ಅಷ್ಟೇ.” ಸದರಿ ಸೂಚನೆಯ ಮೇರೆಗೆ ಕಡಲೆಯ ಮಹಿಮೆ ಕುರಿತು ಸಿದ್ಧವಾಗಿದ್ದ ನಾಲ್ಕು ಪುಟಗಳನ್ನು ಈ ಸುತ್ತೋಲೆಯಿಂದ ತೆಗೆಯಲಾಗಿದೆ.

೨೧. ವಾರ್ಷಿಕ ಏಣಿ ಪರೀಕ್ಷೆಯನ್ನು ಮುಂದೂಡಬೇಕೆಂದು ಪೈಲ್ವಾನರು, ಅತ್ತಿಗೆಯವರು ಮತ್ತು ಅಂಬಿಗರ ಸಂಘದವರು ಪ್ರತ್ಯೇಕವಾಗಿ ಕೋರಿರುತ್ತಾರೆ. ಮಾವನವರು ಕೋರಿರುವುದಿಲ್ಲ. ಪರೀಕ್ಷೆಯು ನಿಗದಿಯಾದ ದಿನವೇ ನಡೆಯತಕ್ಕದ್ದು. ಏಣಿಯ ಬುಡದಲ್ಲಿ ನಿಂತು ಮೆಟ್ಟಿಲನ್ನು ಗಟ್ಟಿಯಾಗಿ ಎಣಿಸುವುದು, ನಲವತ್ತನೆಯದು ಬಂದಾಗ ಉಸಿರು ಬಿಗಿಹಿಡಿಯುವುದು ಮುಂತಾದ ಅನಧಿಕೃತ ನೆರವನ್ನು ಸಿಬ್ಬಂದಿ ನೀಡಕೂಡದು. ಈ ನಿರ್ಬಂಧ ಕೆಳಸಹಿದಾರರಿಗೂ ಅನ್ವಯಿಸುತ್ತದೆ. ಈ ಸುತ್ತೋಲೆಯ ಪ್ರತಿಗಳನ್ನು ಪರೀಕ್ಷೆಯ ಮಾರನೆಯ ದಿನ ಹಂಚತಕ್ಕದ್ದು.

(ಸಹಿ)
ಉಪವಿಭಾಗಾಧಿಕಾರಿ
ತುಕ್ಕು ನಿವಾರಣಾ ಉಪವಿಭಾಗ
(ಫೈಲನ್ನು ಮೂಸಿ ಸಹಿ ಮಾಡಲಾಗಿದೆ)

ಪ್ರತಿಗಳು:
೧. ಪೋಷಣಾ ಉಪನ್ಯಾಸಕಿಯವರಿಗೆ, ತೆಗೆದುಹಾಕಿದ ನಾಲ್ಕು ಪುಟಗಳಿಲ್ಲದೆ.
೨. ಅಡುಗೆಮನೆಯ ಅತ್ತಿಗೆಯವರಿಗೆ, ಅವರು ಮೊದಲೇ ಹೇಳಿದ್ದನ್ನು ಬರಹದಲ್ಲಿ ನೋಡಿಕೊಳ್ಳಲು.
೩. ಪೈಲ್ವಾನರಿಗೆ, ಹದಿನೆಂಟನೇ ಕಂಡಿಕೆಗೆ ಗುರುತು ಹಾಕಿ.
೪. ಅಂಬಿಗರ ಸಂಘಕ್ಕೆ, ಮೊಟ್ಟೆಯ ಬಗ್ಗೆ ವಿಷಾದದೊಂದಿಗೆ. ನಿನ್ನೆ ಬೆಳಿಗ್ಗೆ ದೋಣಿಗಳನ್ನೆಲ್ಲ ನಿಲ್ಲಿಸಿ ಮೇಲೆ ನೋಡುತ್ತಿದ್ದುದಕ್ಕೆ ಕಾರಣ ಕೇಳಿ.
೫. ಮಾವನವರ ಅಕ್ಕನವರಿಗೆ, ದಾರದ ಇನ್ನೊಂದು ಉಂಡೆ ಸಹಿತ.
೬. ಪಾರಿವಾಳಗಳ ಅವಗಾಹನೆಗಾಗಿ ಮೂರನೇ ಕಮಾನಿನ ಕಂಬಕ್ಕೆ ಅಂಟಿಸಲು.
೭. ಸುತ್ತಿಗೆ ಮಾವನವರಿಗೆ. ಇವರ ಹೆಸರಿಗೆ ಎರಡು ಲಕೋಟೆ ಸಿದ್ಧಪಡಿಸಲಾಗಿತ್ತು. ಒಂದರ ಮೇಲೆ ‘ಉದ್ಯಾನದ ಬೆಂಚು ಶಾಖೆ’ ಎಂದೂ, ಇನ್ನೊಂದರ ಮೇಲೆ ‘ಮೂರನೇ ಕಮಾನು’ ಎಂದೂ ವಿಳಾಸ ಬರೆಯಲಾಗಿತ್ತು. ಮೊದಲನೆಯದನ್ನು ಕಡಲೆ ಕಟ್ಟಲು ಅಡುಗೆಮನೆಗೆ ಕೊಡಲಾಗಿದೆ.